ಕೆಳಗಿನ ಹೊಲದ ಸೇವಂತಿಗೆ

ಅಕ್ಟೋಬರ್ 16, ಬುಧವಾರ

ಈ ಡೈರಿ ಜನವರಿಯಲ್ಲಿ ಸಿಮೆಂಟ್ ಅಂಗಡಿಯವರು ನಮ್ಮ ಯಜಮಾನರಿಗೆ ಕೊಟ್ಟಿದ್ದು. ಇವರಿಗೆ ಬರೆಯುವ ಅಭ್ಯಾಸವಿಲ್ಲ, ನನಗೆ ಸುಮ್ಮನಿರುವ ಅಭ್ಯಾಸವಿಲ್ಲ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದ ಮಾತನ್ನೆಲ್ಲ ಇದರಲ್ಲಿ ತುಂಬುತ್ತಿದ್ದೇನೆ.

ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ನೆಲಮಹಡಿಯ ಬಾಡಿಗೆಯವರು ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಸಂಪಿನೊಳಗೆ ರಸ್ತೆಯ ನೀರು ನುಗ್ಗಿದೆಯಂತೆ. ಇವರು ಪಂಚೆ ಎತ್ತಿ ಕಟ್ಟಿ ಪಂಪು ಹಾಕಿಸುತ್ತ ನಿಂತರು. ಬೆಂಗಳೂರಿಗೆ ಸೇರುವ ಮುಂಚೆ ನಮ್ಮ ಈ ಸಿಂಗಾಪುರ ಹಳ್ಳಿಯಾಗಿದ್ದಾಗ ಇದೇ ಜಾಗದಲ್ಲಿ ನಮ್ಮ ಮಾವ ರಾಗಿ ಬೆಳೆಯುತ್ತಿದ್ದರು. ರಾಗಿ ಮುಳುಗಿದರೂ ಫೋನ್ ಮಾಡಿ ಪ್ರಾಣ ತಿನ್ನುತ್ತಿರಲಿಲ್ಲ.

ಸಂಜೆ ಲಕ್ಷ್ಮಿದೇವಮ್ಮ ಎರಡು ಸಲ ಫೋನ್ ಮಾಡಿದಳು. ಯಲಹಂಕ ದಾಟಿ ರಾಜಾನುಕುಂಟೆ ಕಡೆ ಹೋದರೆ ನನ್ನ ತವರೂರು. ಅಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ನನ್ನ ಹೆಸರಿಗೆ ಬರೆದುಕೊಟ್ಟ ಎರಡು ಎಕರೆ ಇದೆ. ಅದರಲ್ಲಿ ಅವಳು ಗುತ್ತಿಗೆಗೆ ಸೇವಂತಿಗೆ ಬೆಳೆಯುತ್ತಾಳೆ. "ಎತ್ತಬೇಡ ಕಣೆ, ಗುತ್ತಿಗೆ ಕಮ್ಮಿ ಮಾಡಿ ಅಂತಾಳೆ" ಎಂದರು ಇವರು. ನಾನೂ ಎತ್ತಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ಇವರು ಹೊರಗೆ ಹೋಗಿದ್ದಾಗ ಎತ್ತಿದೆ.

"ಅಕ್ಕ, ಕೆರೆ ಕೋಡಿ ಒಡ್ಕೊಂಡು ನೀರೆಲ್ಲ ಒಲಕ್ಕೆ ನುಗ್ಗೈತೆ. ದೀಪಾವಳಿಗೆ ಕುಯ್ಯೋ ಊವು. ಒಂದೂ ಉಳಿದಿಲ್ಲ."

ನನ್ನ ಜಮೀನಿನ ಗಡಿಕಲ್ಲು ಇದೆಯಾ ಎಂದು ಕೇಳಿದೆ. ಹೋದ ತಿಂಗಳು ತಾನೇ ಸರ್ವೆ ಮಾಡಿಸಿ ನೆಡಿಸಿದ್ದು. ಇವರೂ ಸೈಟು ವ್ಯಾಪಾರದ ವೆಂಕಟರಾಮಯ್ಯನವರೂ ಸೇರಿ ಅಲ್ಲಿ ಲೇಔಟ್ ಮಾಡಿ ಮಾರಬೇಕೆಂದಿದ್ದಾರೆ.

"ನಿಮ್ ಕಲ್ಲು ಎಲ್ಲೂ ಓಗಿಲ್ಲ ಬುಡಿ, ನಿಂತಿರೋ ಜಾಗದಲ್ಲೇ ಅವೆ" ಎಂದು ಫೋನ್ ಇಟ್ಟುಬಿಟ್ಟಳು. ಆ ಹೆಂಗಸಿನದು ಮೊದಲಿಂದಲೂ ಜೋರು ಬಾಯಿ.

ಅಕ್ಟೋಬರ್ 23, ಬುಧವಾರ

ಅವಳ ಮಾತನ್ನು ನಂಬಿ ಕೂರಲು ನಾನೇನು ದಡ್ಡಿಯಲ್ಲ. ಕಲ್ಲು ನೋಡಿಕೊಂಡು ಬರಲು ಬಸ್ಸು ಹತ್ತಿ ಹೋದೆ. ಕಲ್ಲುಗಳು ಇದ್ದವು. ಹೊಲ ಇರಲಿಲ್ಲ. ಎರಡು ಎಕರೆಯಲ್ಲಿ ಎತ್ತರದಲ್ಲಿರುವ, ಈ ವರ್ಷ ಬೆಳೆಯಿಲ್ಲದ ಮೇಲಿನ ಹೊಲ ಒಣಗಿಕೊಂಡು ಆರಾಮವಾಗಿತ್ತು. ಕೆಳಗಿನದು ಮಾತ್ರ ಕೆಂಪು ನೀರಿನ ಗುಂಡಿ. ಸೇವಂತಿಗೆಗೆ ಸಂಜೆ ಮೇಲೆ ಬೆಳಕು ಕೊಡಲು ತಂತಿ ಎಳೆದು ಬಲ್ಬು ಕಟ್ಟಿರುತ್ತಾರೆ. ಅವು ಮಾತ್ರ ನೀರಿನ ಮೇಲೆ ಸಾಲಾಗಿ ತೂಗುತ್ತಿದ್ದವು, ಕೆಳಗೆ ಗಿಡ ಕೊಳೆತ ವಾಸನೆ.

ಲಕ್ಷ್ಮಿದೇವಮ್ಮ ಅಳುತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು, ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಬಲ್ಬು ಬಿಚ್ಚುತ್ತಿದ್ದಳು. "ಎಣಿಸ್ಕೊಂಡ್ರಾ ಕಲ್ಲು?" ಎಂದು ಕೇಳಿದಳು. ಉತ್ತರ ಕೊಡಬಾರದು ಎಂದುಕೊಂಡೆ. ಆದರೂ ಊಟ ಮಾಡಿದೆಯಾ ಎಂದು ಕೇಳಿದೆ. ಮಾಡಿದ್ದೇನೆ ಎಂದಳು. ಸುಳ್ಳು.

ಅಕ್ಟೋಬರ್ 27, ಭಾನುವಾರ

ಲಕ್ಷ್ಮಿದೇವಮ್ಮ ಮನೆಗೇ ಬಂದಳು. ಸರ್ಕಾರ ಬೆಳೆ ನಷ್ಟಕ್ಕೆ ಪರಿಹಾರ ಕೊಡುತ್ತದಂತೆ. ಊರಿನ ಗ್ರಾಮ ಆಡಳಿತಾಧಿಕಾರಿ ಬಂದು ಹೊಲಗಳನ್ನು ನೋಡುತ್ತಿದ್ದಾಳಂತೆ. ನಮ್ಮ ಹೊಲದ ಹತ್ತಿರ ಬಂದವಳು ಫೋನಿನಲ್ಲಿ ನೋಡಿ, ಇದು ಪಾಳು ಜಮೀನು ಎಂದು ದಾಖಲಾಗಿದೆ, ಬೆಳೆಯೇ ಇಲ್ಲದ ಕಡೆ ನಷ್ಟ ಎಲ್ಲಿಂದ ಬಂತು ಎಂದು ಹೊರಟುಹೋದಳಂತೆ.

"ನೀವೊಂದ್ ಮಾತು ಏಳಿ ಅಣ್ಣ, ಊವಿತ್ತು ಅಂತ" ಎಂದಳು ಇವರಿಗೆ.

ಇವರು ಹಬ್ಬ ಮುಗಿಯಲಿ ನೋಡೋಣ ಎಂದರು. ನಾನು ಒಳಗಿಂದ ಒಂದು ಸೀರೆಯನ್ನೂ ಸಿಹಿಯ ಡಬ್ಬವನ್ನೂ ತಂದು ಕೊಟ್ಟೆ. ಎರಡನ್ನೂ ತೆಗೆದುಕೊಂಡು ಚೀಲದೊಳಗಿಟ್ಟಳು. ಚೀಲದ ಬಾಯಿ ಕಟ್ಟಿ, "ಇದು ಅಬ್ಬದ್ದು. ನಾನ್ ಕೇಳಿದ್ದು?" ಎಂದಳು. ಇವರಿಗೆ ಫೋನ್ ಬಂದಿತು, ಅಥವಾ ಬಂದ ಹಾಗೆ ಮಾಡಿದರು.

ಅಕ್ಟೋಬರ್ 28, ಸೋಮವಾರ

ಪಾಳು ಎಂದು ಯಾರು ಬರೆಸಿದ್ದು ಎಂದು ಇವರನ್ನು ಕೇಳಿದೆ. ಮುಚ್ಚುಮರೆ ಏನೂ ಮಾಡಲಿಲ್ಲ.

"ನಾನೇ. ಆಗಸ್ಟ್‌ನಲ್ಲಿ ಬೆಳೆ ಸಮೀಕ್ಷೆಯವ್ನು ಬಂದಿದ್ದ. ಮೇಲಿನ ಹೊಲದಲ್ಲಿ ಬಂಡೆ ಪಕ್ಕ ನಿಲ್ಲಿಸಿ ಫೋಟೋ ಹೊಡೆಸ್ದೆ. ಜಮೀನನ್ನ ಸೈಟಿಗೆ ಕನ್ವರ್ಷನ್ ಮಾಡೋ ಫೈಲ್ ಮೂವ್ ಆಗ್ತಾ ಇರುವಾಗ ಅಲ್ಲಿ ಬೆಳೆ ಇದೆ ಅಂತ ಯಾಕೆ ತೋರಿಸ್ಬೇಕು? ಅದೂ ಅಲ್ದೆ, ಬೆಳೆ ಇದೆ ಅಂದ್ರೆ ಬೆಳೆದೋರು ಯಾರು ಅಂತಾರೆ. ಅವಳ ಹೆಸರು ಒಂದ್ಸಲ ಕಾಗದದ ಮೇಲೆ ಕೂತ್ರೆ ಎದ್ದೇಳಲ್ಲ ಕಣೆ. ನಿಮ್ಮಪ್ಪನ್ನೇ ನೋಡು."

ಇವರು ಹೇಳುವುದರಲ್ಲಿ ನ್ಯಾಯವಿಲ್ಲದೇ ಇಲ್ಲ. ಅಪ್ಪ ಆ ಜಮೀನನ್ನು ಕೊಂಡವರಲ್ಲ. ಶಾನುಭೋಗರ ಹೊಲವನ್ನು ಗೇಣಿಗೆ ಮಾಡುತ್ತಿದ್ದರು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದಾಗ ಅರ್ಜಿ ಹಾಕಿ ತಮ್ಮದು ಮಾಡಿಕೊಂಡರು. ಹಾಗೆ ಪಡೆದವರಿಗೇ ಭಯ ಜಾಸ್ತಿ, ಬಂದ ದಾರಿಯಲ್ಲೇ ಹೋಗಲೂಬಹುದೆಂದು ಅವರಿಗೆ ಗೊತ್ತಿರುತ್ತದೆ. ಅದಕ್ಕೇ ನಮ್ಮವರು ಗುತ್ತಿಗೆಯನ್ನು ಬಾಯಿಮಾತಿನಲ್ಲಿ ಮುಗಿಸುತ್ತಾರೆ. ಯುಗಾದಿ ಬಂದಾಗಲೆಲ್ಲ ಗುತ್ತಿಗೆಯವರ ಜಾಗವನ್ನೂ ಬದಲಾಯಿಸುತ್ತಾರೆ. ಒಂದು ವರ್ಷ ಮೇಲಿನ ಹೊಲ, ಮರುವರ್ಷ ಕೆಳಗಿನದು. ಒಂದೇ ನೆಲದಲ್ಲಿ ಬೇರು ಬಿಟ್ಟರು ಎಂದು ನಾಳೆ ಯಾರೂ ಸಾಕ್ಷಿ ಹೇಳಬಾರದು.

ಲೇಔಟ್ ಆದ ಮೇಲೆ ಅವಳಿಗೆ ಕೈಯಿಂದಲೇ ಏನಾದರೂ ಕೊಡೋಣ ಎಂದರು. ಅದೂ ಸರಿಯೇ.

ನವೆಂಬರ್ 1, ಶುಕ್ರವಾರ

ನಾಳೆಯ ಪೂಜೆಗೆ ಹೂ ತರಲು ಸಹಕಾರನಗರಕ್ಕೆ ಹೋದೆ. ಸೇವಂತಿಗೆಯ ಬೆಲೆ ಕೇಳಿ ಎದೆ ಧಸಕ್ಕೆಂದಿತು. ಹೀಗೆ ಸುಲಿಯುತ್ತೀರಾ ಎಂದು ಹೂವಿನವಳ ಜೊತೆ ಜಗಳಕ್ಕೆ ನಿಂತೆ. "ನಮ್ ಕಡೆ ಊವೆಲ್ಲ ನೀರಲ್ಲಿ ಓಯ್ತು ಅಮ್ಮ, ಇದು ಹೊಸೂರಿಂದ ಬಂದಿರೋದು" ಎಂದಳು. ಚೌಕಾಸಿ ಮಾಡದೆ ಎರಡು ಮೊಳ ತಂದೆ. ದೇವರಿಗೆ ಸಾಲಲಿಲ್ಲ.

ನವೆಂಬರ್ 6, ಬುಧವಾರ

ತೆಂಗಿನಕಾಯಿ ಇಳಿಸುವವನು ಬರುತ್ತೇನೆಂದಿದ್ದ, ಅದಕ್ಕೇ ಊರಿಗೆ ಹೋದೆ. ಅವನು ಬರಲಿಲ್ಲ. ಸುಮ್ಮನೆ ಕೂರುವುದೇಕೆಂದು ಲಕ್ಷ್ಮಿದೇವಮ್ಮನ ಜೊತೆ ಬಲ್ಬು ತೊಳೆದು ಒರೆಸಿದೆ. ಕೆಲವು ಹತ್ತುತ್ತವೆ.

ಇವಕ್ಕೆ ಬಲ್ಬು ಯಾಕೆ ಎಂದು ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಹಗಲು ಚಿಕ್ಕದಾದರೆ ಗಿಡ ಎಳೆಯದಾಗಿರುವಾಗಲೇ ಮೊಗ್ಗು ಕಟ್ಟಿಬಿಡುತ್ತದಂತೆ. ಬೆಳಕು ಕೊಟ್ಟು ಇನ್ನೂ ಹಗಲಿದೆ ಎಂದು ನಂಬಿಸಿದರೆ ಎತ್ತರಕ್ಕೆ ಬೆಳೆಯುತ್ತದಂತೆ. ಹಬ್ಬಕ್ಕೆ ಸರಿಯಾಗಿ ಬೆಳಕು ನಿಲ್ಲಿಸುತ್ತಾರೆ. "ಗಿಡಕ್ಕೆ ಸುಳ್ಳು ಏಳೋದೇ ನಮ್ ಕಸುಬು ಅಕ್ಕ" ಎಂದು ನಕ್ಕಳು. ತಾಯಿಗಿಡದಿಂದ ಚಿಗುರು ಮುರಿದು ನೆರಳಿನಲ್ಲಿ ಬೇರು ಬರಿಸುವುದು ಹೇಗೆಂದೂ ಹೇಳಿದಳು. ಒಂದಷ್ಟು ತಾಯಿಗಿಡ ಅವಳ ಮನೆ ಹಿತ್ತಲಿನಲ್ಲಿ ಉಳಿದಿವೆ. ಡಿಸೆಂಬರಿನಲ್ಲಿ ನೆಟ್ಟರೆ ಯುಗಾದಿಗೆ ಹೂ. ಗೊಬ್ಬರಕ್ಕೂ ಹನಿ ನೀರು ಬಿಡುವ ಪೈಪಿಗೂ ಕೈಯಲ್ಲಿ ಏನೂ ಇಲ್ಲ. ಪರಿಹಾರ ಬರದಿದ್ದರೆ ಬೇರೆ ದಾರಿಯಿಲ್ಲ, ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಬರಲು ಹೇಳಿದ್ದಾರೆ, ತಿಂಗಳು ಮುಗಿಯುವುದರೊಳಗೆ ಒಪ್ಪಬೇಕು ಎಂದಳು.

ಒಳ್ಳೆಯದೇ ಆಯಿತು, ಅವಳು ತಾನಾಗಿ ಬಿಟ್ಟರೆ ಇವರಿಗೆ ಬಿಡಿಸುವ ತಲೆನೋವು ತಪ್ಪಿತು ಎಂದುಕೊಂಡೆ.

ಹೊರಡುವಾಗ ಅವಳು ಮೇಲಿನ ಹೊಲದ ಕಡೆ ನೋಡಿ ಒಂದು ಮಾತು ಹೇಳಿದಳು. "ಯುಗಾದೀಲಿ ಅಣ್ಣನ್ನ ಕೈ ಮುಗ್ದು ಕೇಳ್ಕೊಂಡೆ ಅಕ್ಕ, ಈ ವರ್ಷ ಮೇಲೇ ಇರ್ತೀನಿ, ಅಲ್ಲಿ ತಂತಿ ಎಲ್ಲ ಎಳ್ದಾಗೈತೆ ಅಂತ. ಆಗಲ್ಲ, ಕೆಳಕ್ಕೆ ಓಗು ಅಂದ್ರು. ಮೇಲಿದ್ದಿದ್ರೆ ನೀರು ಮುಟ್ತಾನೇ ಇರ್ಲಿಲ್ಲ."

ಬಸ್ಸಿನಲ್ಲಿ ಕೂತು ಹೆಬ್ಬಾಳ ದಾಟುವವರೆಗೂ ಅದೇ ಯೋಚನೆ. ಯುಗಾದಿಯ ದಿನ ನಾನೂ ಅಲ್ಲೇ ಇದ್ದೆ. ಒಬ್ಬಟ್ಟು ಬಡಿಸುತ್ತಿದ್ದೆ. ಹೂವನ್ನು ಮುಳುಗಿಸಿದ್ದು ಕೆರೆ ಒಂದೇ ಅಲ್ಲ, ನಮ್ಮ ಹೆದರಿಕೆಯೂ ಸೇರಿಯೇ ಮುಳುಗಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಯೋಚನೆಯಲ್ಲಿ ಕೊಡಿಗೇಹಳ್ಳಿ ಗೇಟಿನಲ್ಲಿ ಇಳಿಯುವುದನ್ನೂ ಮರೆತು ಮುಂದಕ್ಕೆ ಹೋಗಿದ್ದೆ.

ನವೆಂಬರ್ 9, ಶನಿವಾರ

ನಡೆದರೆ ಮಂಡಿನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ. ಊರಿಗೆ ಹೋಗಿ ಬಂದೆ. "ಮನೆ ಪಕ್ಕದಲ್ಲೇ ಪಾರ್ಕ್ ಇದೆಯಲ್ಲೇ" ಎಂದರು ಇವರು. ಪಾರ್ಕಿನಲ್ಲಿ ಬರೀ ಸೊಸೆಯರ ಮೇಲಿನ ದೂರು.

ನವೆಂಬರ್ 12, ಮಂಗಳವಾರ

ಪಂಚಾಯಿತಿ ಕಚೇರಿಯ ಗೋಡೆಗೆ ಪರಿಹಾರದ ಪಟ್ಟಿ ಅಂಟಿಸಿದ್ದಾರೆ. ನನ್ನ ಸರ್ವೆ ನಂಬರು ಇಲ್ಲ. ನೀಲಗಿರಿ ಬಿಟ್ಟು ಬೇರೇನೂ ಬೆಳೆಯದ ನಾಗಲಿಂಗಪ್ಪನ ಹೆಸರಿದೆ, ಟೊಮೇಟೊ ನಷ್ಟವಂತೆ. ನಗು ಬಂತು, ಆಮೇಲೆ ಸಿಟ್ಟು ಬಂತು.

ಗ್ರಾಮ ಆಡಳಿತಾಧಿಕಾರಿ ನಯನಾ ಅಲ್ಲೇ ಇದ್ದಳು. ಚಿಕ್ಕ ಹುಡುಗಿ, ಹೆಲ್ಮೆಟ್ ತೆಗೆಯಲೂ ಪುರುಸೊತ್ತಿಲ್ಲದೆ ಜನಕ್ಕೆ ಉತ್ತರ ಹೇಳುತ್ತಿದ್ದಳು. "ನಿಮ್ಮಿಂದಾನೇ ಆಗ್ಬೇಕು ಅಮ್ಮ. ಪಹಣೀಲಿ ಹೆಸರಿರೋರೇ ತಕರಾರು ಕೊಟ್ಟು, ಬೆಳೆ ಇತ್ತು ಅಂತ ಹೊಲದಲ್ಲಿ ನಿಂತು ಹೇಳಿದ್ರೆ, ಅಕ್ಕಪಕ್ಕದೋರ ಮುಂದೆ ಮಹಜರು ಬರೀತೀನಿ. ಗುತ್ತಿಗೆಯೋರು ಬಂದು ಹೇಳಿದ್ರೆ ನಾನೇನೂ ಮಾಡೋಕಾಗಲ್ಲ."

ತಕರಾರು ಬರೆದುಕೊಟ್ಟೆ. ಕೊಡುವವರೆಗೂ ಕೊಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ನವೆಂಬರ್ 14, ಗುರುವಾರ

ಎರಡು ದಿನ ಮನೆಯಲ್ಲಿ ಗುಡುಗು ಸಿಡಿಲು. ಮೂರನೆಯ ದಿನ ಇವರು ತಣ್ಣಗಾಗಿ ಒಂದು ದಾರಿ ಹುಡುಕಿದರು. ಬೆಳೆ ಇತ್ತೆಂದು ಹೇಳುವುದೇ ಆದರೆ ನಾನೇ ಬೆಳೆದೆ ಎಂದು ಹೇಳಬೇಕು. ಅವಳನ್ನು ಕೂಲಿ ಎನ್ನಬೇಕು. ದುಡ್ಡು ನನ್ನ ಖಾತೆಗೆ ಬರುತ್ತದೆ, ತೆಗೆದು ಅವಳ ಕೈಗೆ ಕೊಟ್ಟರಾಯಿತು. "ಫೈಲ್ ಸ್ವಲ್ಪ ತಡ ಆಗುತ್ತೆ, ಆಗ್ಲಿ. ಅವಳ ಹೆಸರು ಬರಬಾರ್ದು ಅಷ್ಟೆ" ಎಂದರು. ಇವರು ಕೆಟ್ಟವರಲ್ಲ.

ಲಕ್ಷ್ಮಿದೇವಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಂಗೇ ಆಗ್ಲಿ ಅಕ್ಕ" ಎಂದಳು.

ಎಲ್ಲರಿಗೂ ಒಪ್ಪಿಗೆಯಾಯಿತು. ರಾತ್ರಿ ನಿದ್ದೆ ಮಾತ್ರ ಬರಲಿಲ್ಲ, ಹುರುಳಿಸಾರು ಜಾಸ್ತಿ ಉಂಡಿರಬೇಕು.

ನವೆಂಬರ್ 19, ಮಂಗಳವಾರ

ಇವತ್ತು ಮಹಜರು.

ನಯನಾ ಸ್ಕೂಟರಿನಲ್ಲಿ ಬಂದಳು. ಸಾಕ್ಷಿಗೆ ಅಕ್ಕಪಕ್ಕದ ಹೊಲದ ಇಬ್ಬರು, ಅದರಲ್ಲಿ ಒಬ್ಬರು ಅಪ್ಪನ ಕಾಲದ ಮುದುಕರು. ಇವರು ವೆಂಕಟರಾಮಯ್ಯನವರ ಜೊತೆ ಎಲ್ಲಿಗೋ ಹೋಗಬೇಕಿತ್ತು. ಹೊರಡುವಾಗ, ಹೇಳಿಕೊಟ್ಟಷ್ಟೇ ಹೇಳು ಎಂದು ಇನ್ನೊಂದು ಸಲ ಎಚ್ಚರಿಸಿದ್ದರು.

ನೀರು ಇಳಿದು ಹೊಲ ಒಡೆದ ಮಣ್ಣಾಗಿತ್ತು, ಕರಿದಾದ ಕಡ್ಡಿಗಳು ಸಾಲಾಗಿ ಬಿದ್ದಿದ್ದವು. ನಯನಾ ಫೋಟೋ ತೆಗೆದಳು. ಬೆಳೆದವರು ಯಾರು ಎಂದು ಕೇಳಿದಳು. ನಾನೇ ಎಂದೆ. ಯಾವಾಗ ನೆಟ್ಟದ್ದು? ಜೂನ್ ಕೊನೆಯಲ್ಲಿ. ಸಸಿ ಎಲ್ಲಿಂದ ತಂದಿರಿ? ತಂದದ್ದಲ್ಲ, ತಾಯಿಗಿಡದ ಚಿಗುರಿಗೆ ಬೇರು ಬರಿಸಿದ್ದು. ಬಲ್ಬು ಯಾಕೆ? ಅದನ್ನೂ ಹೇಳಿದೆ. ಒಂದು ಕಡೆಯೂ ತಡವರಿಸಲಿಲ್ಲ. ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮುದುಕರು ನನ್ನ ಮುಖ ನೋಡದೆ ಎಲೆ ಅಡಿಕೆಯ ಚೀಲ ಬಿಚ್ಚಿದರು.

ನಯನಾ ಲಕ್ಷ್ಮಿದೇವಮ್ಮನ ಕಡೆ ತಿರುಗಿ, "ನೀವು?" ಎಂದಳು.

"ಕೂಲಿ ಮೇಡಂ."

ಅಷ್ಟೇ ಹೇಳಿದಳು. ಒಂದು ಮಾತಿಗೆ ನಾಲ್ಕು ಮಾತು ತಿರುಗಿಸುವ ಹೆಂಗಸು. ಕಲ್ಲು ಎಣಿಸಿಕೊಂಡಿರಾ ಎಂದು ನನ್ನನ್ನೇ ಕೇಳಿದವಳು. ಅವಳ ಗಿಡ, ಅವಳು ಎಳೆದ ತಂತಿ, ಅವಳು ಬೆನ್ನು ಬಿದ್ದು ಹೋಗುವಷ್ಟು ದುಡಿದ ಹೊಲ. ಅದರಲ್ಲಿ ನಿಂತು, ಜಗಳವಿಲ್ಲದೆ, ತಲೆ ಬಗ್ಗಿಸಿ ಕೂಲಿ ಎಂದುಬಿಟ್ಟಳು. ಜಗಳವಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

"ಬರೆಯೋದು ನಿಲ್ಸಮ್ಮ" ಎಂದೆ. "ನಾನು ಈಗ ಹೇಳಿದ್ದೆಲ್ಲ ಇವರ ಹತ್ರ ಕೇಳಿ ತಿಳ್ಕೊಂಡಿದ್ದು. ಜಮೀನು ನನ್ನದು. ಬೆಳೆ ಇವರದು. ಆರು ವರ್ಷದಿಂದ ಇವರೇ ಮಾಡ್ತಿರೋದು, ನಾನು ಗುತ್ತಿಗೆ ತಗೋತೀನಿ."

ನಯನಾ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಅಮ್ಮ, ಬರೆದ್ಮೇಲೆ ಅಳಿಸೋಕಾಗಲ್ಲ. ಮನೇಲಿ ಕೇಳಿ ಹೇಳ್ತೀರಾ?"

"ಮನೇಲಿ ಕೇಳಿದ್ರೆ ಬೇಡ ಅಂತಾರೆ. ಬರೀರಿ."

ಬರೆದು ಮುಗಿಸಿ, ಎಲ್ಲರಿಗೂ ಕೇಳುವಂತೆ ಓದಿದಳು. ಸದರಿ ಜಮೀನಿನಲ್ಲಿ ಲಕ್ಷ್ಮಿದೇವಮ್ಮ ಎಂಬುವರು ಸೇವಂತಿಗೆ ಬೆಳೆದಿದ್ದು, ಕೆರೆ ನೀರು ನುಗ್ಗಿ ಪೂರ್ತಿ ನಷ್ಟವಾಗಿರುವುದು ಸ್ಥಳದಲ್ಲಿ ಕಂಡುಬಂದಿದೆ. ಸಾಕ್ಷಿಯವರು ಸಹಿ ಹಾಕಲು ಕೈ ಚಾಚಿದರು.

"ಮೇಡಂ, ಇನ್ನೊಂದ್ ಸಲ ಓದ್ತೀರಾ?" ಎಂದು ಕೇಳಿದರು ಲಕ್ಷ್ಮಿದೇವಮ್ಮ.

ನಯನಾ ಮತ್ತೆ ಓದಿದಳು, ಮೊದಲಿಗಿಂತ ನಿಧಾನವಾಗಿ. ಕೇಳುತ್ತಿದ್ದಾಗ ಲಕ್ಷ್ಮಿದೇವಮ್ಮ ಅತ್ತರು. ಹೊಲ ಮುಳುಗಿದಾಗ ಅಳದಿದ್ದವರು ಈಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಬೇರೆ ಕಡೆ ನೋಡಿದೆ. ಆ ಮುದುಕರು ಸಹಿ ಹಾಕಿ ನನಗೆ ಎಲೆ ಅಡಿಕೆ ಕೊಟ್ಟರು.

ನವೆಂಬರ್ 20, ಬುಧವಾರ

ನಿನ್ನೆ ರಾತ್ರಿಯೇ ಹೇಳಿದೆ. ಇವರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು.

"ಜಮೀನು ಬರ್ಕೊಟ್ಟಂಗಾಯ್ತಲ್ಲೇ."

"ಕೊಟ್ಟಿಲ್ಲ ರೀ. ಹಾಗೊಂದು ವೇಳೆ ಹೋದ್ರೂ ಮಾಡೋರ ಕೈಗೆ ಹೋಗುತ್ತೆ, ನೀರಿಗೇನೂ ಹೋಗಲ್ಲ."

ಅರ್ಧ ಮುದ್ದೆ ಬಿಟ್ಟು ಎದ್ದರು. ನಾನು ಹೀಗೆ ಎದುರು ಮಾತಾಡುವವಳಲ್ಲ. ಬಾಯಿ ತಪ್ಪಿ ಬಂತು.

ನವೆಂಬರ್ 26, ಮಂಗಳವಾರ

ಮಹಜರಿನ ಸುದ್ದಿ ಕೇಳಿ ವೆಂಕಟರಾಮಯ್ಯನವರು ಲೇಔಟಿನಿಂದ ಹಿಂದೆ ಸರಿದರು. ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಾರೆ.

ಡಿಸೆಂಬರ್ 10, ಮಂಗಳವಾರ

ಪರಿಹಾರ ಬಂತು. ಬಂದದ್ದು ನನ್ನ ಖಾತೆಗೆ. ಪಹಣಿಯಲ್ಲಿ ಹೆಸರಿರುವವರಿಗೇ ಕಂಪ್ಯೂಟರ್ ಕಳಿಸುತ್ತದಂತೆ, ಮಹಜರಿನಲ್ಲಿ ಯಾರ ಹೆಸರಿದ್ದರೂ.

ಇವರು ಎರಡು ವಾರದ ಮೇಲೆ ನನ್ನ ಮುಖ ನೋಡಿ ಮಾತಾಡಿದರು. "ನೋಡ್ದಾ? ಸುಮ್ನೆ ಕೂಲಿ ಅಂತ ಬಿಟ್ಟಿದ್ರೂ ಇದೇ ದುಡ್ಡು ಇಲ್ಲಿಗೇ ಬರ್ತಿತ್ತು. ನೀನು ಆ ಹೆಸರು ಬರೆಸಿದ್ರಿಂದ ಒಂದು ಪೈಸೆ ಹೆಚ್ಚಿಗೆ ಬಂತಾ?"

ಬರಲಿಲ್ಲ. ಇವರು ಹೇಳಿದ್ದು ನಿಜ. ಆದರೆ ನಯನಾ ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಬ್ಯಾಂಕಿನಲ್ಲಿ ತೆಗೆಸಿ ಮಧ್ಯಾಹ್ನದ ಬಸ್ಸಿಗೇ ಹೋಗಿ ಕೊಟ್ಟುಬಂದೆ. ಲಕ್ಷ್ಮಿದೇವಮ್ಮ ಅಪಾರ್ಟ್‌ಮೆಂಟಿನ ಕೆಲಸ ಒಪ್ಪಿರಲಿಲ್ಲ. ತಿಂಗಳು ಮುಗಿಯುವ ಮೊದಲೇ ಬೇಡ ಅಂದೆ ಎಂದರು. ದುಡ್ಡು ಬರುತ್ತದೆಂದು ಆಗ ಗೊತ್ತಿರಲಿಲ್ಲವಲ್ಲ ಎಂದೆ. "ಗೊತ್ತಿರ್ಲಿಲ್ಲ. ಮೇಡಂ ಓದಿದ್ದು ಕೇಳಿಸ್ಕೊಂಡಿದ್ನಲ್ಲ" ಎಂದರು. ಈ ವರ್ಷದ ಗುತ್ತಿಗೆ ಇದರಲ್ಲೇ ಮುರಿದುಕೊಳ್ಳಿ ಎಂದು ಒಂದಷ್ಟು ನೋಟು ಎತ್ತಿ ಕೊಡಲು ಬಂದರು. ಮೊದಲು ಗಿಡ ನೆಡಿ ಎಂದು ಬೈದೆ.

ಡಿಸೆಂಬರ್ 13, ಶುಕ್ರವಾರ

ಲಕ್ಷ್ಮಿದೇವಮ್ಮ ಮೇಲಿನ ಹೊಲದಲ್ಲಿ ಸಸಿ ಹಾಕಲು ಶುರು ಮಾಡಿದ್ದಾರೆ. ಯುಗಾದಿ ಬಂದರೂ ಕೆಳಕ್ಕೆ ಹೋಗುವುದು ಬೇಡ, ಇಲ್ಲೇ ಇರಿ ಎಂದೆ. ತಂತಿ ಬಿಗಿಯುತ್ತಿದ್ದರು, "ಊಂ" ಎಂದರು. ತಂತಿಯ ತುದಿಗೆ ಗಂಟು ಹಾಕಿ, "ಅಣ್ಣ?" ಎಂದು ಕೇಳಿದರು. ಅವರಿಗೆ ನಾನು ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.

ಆಳು ಕಡಿಮೆ ಇದ್ದದ್ದರಿಂದ ಒಂದು ಸಾಲನ್ನು ನಾನೇ ನೆಟ್ಟೆ. ಮಂಡಿ ಬಗ್ಗದು, ಮಣೆ ಹಾಕಿಕೊಂಡು ಕೂತು, ಜರುಗಿ ಜರುಗಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬದುವಿನ ಅಂಚಿಗೆ ಮುಟ್ಟಿಸಿದೆ. ಎದ್ದು ನಿಂತು ನೋಡಿದಾಗ ಸಂತೋಷವಾಯಿತು. ಲಕ್ಷ್ಮಿದೇವಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಪೈಪ್ ಬುಟ್ಟು ಆ ಕಡೆ ಓಗೈತಲ್ಲ ಅಕ್ಕ ಸಾಲು. ನೀರು ಸಿಗಲ್ಲ ಇವಕ್ಕೆ. ಕಿತ್ತು ಮತ್ತೆ ನೆಡಿ."

ಮಾತಿನಲ್ಲಿ ಸಂಕೋಚವೂ ಇಲ್ಲ, ಒಂದು ನಗುವೂ ಇಲ್ಲ. ಬೆನ್ನು ಮುರಿದುಹೋಗಿದೆ, ಊಟ ಮಾಡಿ ನೋಡೋಣ ಎಂದೆ. ಅಷ್ಟರಲ್ಲಿ ಬೇರು ಒಣಗುತ್ತದೆ, ಈಗಲೇ ಆಗಬೇಕು ಎಂದರು. ಎಷ್ಟು ಜೋರು ಅಂತೀನಿ. ಆದರೆ ಅವರ ಹೊಲ, ಅವರು ಹೇಳಿದ ಹಾಗೆ ತಾನೇ ಆಗಬೇಕು. ಮಣೆ ಎಳೆದುಕೊಂಡು ಕೂತು, ಒಂದೊಂದಾಗಿ ಕಿತ್ತು ಮತ್ತೆ ನೆಟ್ಟೆ.